ನಮ್ಮ ಮನೆಯ ಗುಂಡಿ, ಪಕ್ಕದ ಮನೆಯ ದೀಪ

ಸತ್ತವರ ಬಗ್ಗೆ ಕೆಟ್ಟ ಮಾತಾಡಬಾರದು ಎನ್ನುತ್ತಾರೆ. ನಮ್ಮ ಬಾಡಿಗೆ ಮನೆಯ ಯಜಮಾನರ ವಿಷಯದಲ್ಲಿ ನನಗೆ ಅದು ಸಾಧ್ಯವಿಲ್ಲ. ಬದುಕಿದ್ದಾಗ ಮುಖಕ್ಕೆ ಹೇಳಿದ್ದನ್ನು ಹೋದಮೇಲೆ ನುಂಗಿಕೊಂಡರೆ ಅವರೇ ಮೆಚ್ಚುವುದಿಲ್ಲ. ಆ ಮನುಷ್ಯ ಮೊಂಡ. ಅವರ ಜೊತೆ ಕಳೆದ ವರ್ಷಗಳಲ್ಲಿ ನನ್ನ ತಲೆ ಚಿಟ್ಟು ಹಿಡಿಯದ ಸಂಜೆ ಒಂದಿದ್ದರೆ ಅದು ನಾನು ತವರಿಗೆ ಹೋಗಿದ್ದ ಸಂಜೆಯೇ ಇರಬೇಕು.

ನಾನು ಸಿರಾ ತಾಲ್ಲೂಕಿನ ತಾವರೆಕೆರೆಯವಳು, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಮಧುಗಿರಿಗೆ ವರ್ಗವಾದಾಗ, ಬೆಟ್ಟ ಕಾಣುವ ದೊಡ್ಡ ಕಿಟಕಿ ಇದೆ ಎಂಬ ಒಂದೇ ಕಾರಣಕ್ಕೆ ಈ ಮನೆ ಒಪ್ಪಿಕೊಂಡೆ. ಯಜಮಾನರಿಗೆ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡು ಹೋಗಿ, ಹಳೆಯದನ್ನು ಬಾಡಿಗೆಗೆ ಬಿಟ್ಟಿದ್ದರು. ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ, ಮಡಿಕೆ ಮುರಿಯದ ಬಿಳಿ ಅಂಗಿ, ಕಿವಿಯ ಹಿಂದೆ ಸಿಕ್ಕಿಸಿದ ಪೆನ್ಸಿಲ್ಲು. ಮನೆ ತೋರಿಸಿದ್ದು ಬಾಡಿಗೆಗೆ ಕೊಡುವವರ ಹಾಗಲ್ಲ, ಬಿಟ್ಟುಹೋಗಲು ಇಷ್ಟವಿಲ್ಲದವರ ಹಾಗೆ.

"ನೀರು ದಿನ ಬಿಟ್ಟು ದಿನ ಬತ್ತದೆ. ಹಿತ್ತಲ ಬಾಗ್ಲು ಚಿಲಕ ಒಸಿ ಬಿಗಿ, ಎತ್ತಿ ಎಳೀಬೇಕು. ಇದ್ನ ಮಾತ್ರ ಮುಟ್ಬ್ಯಾಡಿ."

'ಇದು' ಅಂದರೆ ಹಜಾರದ ಅಡ್ಡಗೋಡೆಯ ಪಕ್ಕದಲ್ಲಿ ಎದೆಯೆತ್ತರಕ್ಕಿದ್ದ ಕಂದು ಬಣ್ಣದ ಒಂದು ದಪ್ಪ ಗುಂಡಿ. ಹಳೇ ರೇಡಿಯೋದ್ದರ ಹಾಗೆ ತಿರುಗಿಸುವಂಥದ್ದು. ಸುತ್ತ ಬರೆದಿದ್ದ ಅಂಕಿಗಳು ಯಾವತ್ತೋ ಅಳಿಸಿಹೋಗಿದ್ದವು.

"ಫ್ಯಾನಿಂದಾ?" ಅಂದೆ.

"ಅಲ್ಲ."

"ಲೈಟಿಂದಾ?"

"ಮುಟ್ಬ್ಯಾಡಿ ಅಂದ್ಮೇಲೆ ಯಾವುದ್ರದ್ದಾದ್ರೆ ಏನ್ ಟೀಚರಮ್ಮ?"

ಮುಟ್ಟಬೇಡ ಅಂದದ್ದನ್ನು ಮುಟ್ಟದೆ ಇರುವ ಜನ ಎಲ್ಲಾದರೂ ಇರಬಹುದು, ನಮ್ಮ ಮನೆಯಲ್ಲಿಲ್ಲ. ನನ್ನ ಗಂಡನಿಗೆ ಪಾವಗಡದ ಆಚೆ, ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಮೇಲ್ವಿಚಾರಣೆ ಕೆಲಸ. ವಾರವೆಲ್ಲ ಅಲ್ಲೇ ಇದ್ದು ಭಾನುವಾರ ಬರುತ್ತಾರೆ. ಸಾಮಾನು ಇಳಿಸಿದ ಭಾನುವಾರವೇ ಟೆಸ್ಟರ್ ಹಿಡಿದು ಗುಂಡಿಯ ಮುಂದೆ ನಿಂತರು. ತಿರುಗಿಸಿದರು. ಹಜಾರದಲ್ಲಿ ಏನೂ ಹತ್ತಲಿಲ್ಲ. ನಾನು ಅಡಿಗೆಮನೆ ನೋಡಿ ಬಂದೆ, ಬಚ್ಚಲು ನೋಡಿ ಬಂದೆ, ಹಿತ್ತಲಿಗೂ ಹೋಗಿ ಬಂದೆ. ಎಲ್ಲೂ ಏನೂ ಇಲ್ಲ. ಊರೂರಿಗೆ ಕರೆಂಟು ಕಳಿಸುವ ಜಾಗದಿಂದ ಬಂದವರು ಮನೆಯ ಒಂದು ಗುಂಡಿಯ ಮುಂದೆ ಸೋಲುವುದುಂಟೆ? ಟಕ್ ಅಂತ ಹಾಕಿದರು, ಟಕ್ ಅಂತ ಆರಿಸಿದರು, ಮತ್ತೆ ಹಾಕಿದರು. ಆಗ ಗೋಡೆಯ ಆಚೆಯಿಂದ ಒಂದು ಗರ್ಜನೆ ಬಂತು.

"ಯಾವನ್ಲಾ ಅವ್ನು, ಲೈಟಿನ್ ಜೊತೆ ಕಣ್ಣಾಮುಚ್ಚಾಲೆ ಆಡ್ತಿರೋನು!"

ಯಜಮಾನರೇ ಪಕ್ಕದ ಮನೆಗೆ ಬಂದಿದ್ದಾರೆ ಅಂದುಕೊಂಡೆ. ಅಷ್ಟು ಅವರದೇ ದನಿ. ಅದು ಅವರ ತಮ್ಮನದು ಎಂದು ತಿಳಿದದ್ದು ಸಂಜೆ, ಯಜಮಾನರು ತಮ್ಮ ಟಿವಿಎಸ್ ಗಾಡಿಯಲ್ಲಿ ಬಂದು, ಚಪ್ಪಲಿ ಬಿಟ್ಟು, ಬರಲೇ ಎಂದು ಕೇಳದೆ ಒಳಗೆ ಬಂದು, "ಮುಟ್ಟಿದ್ರಾ?" ಎಂದು ನನ್ನ ಮುಖ ನೋಡಿದಾಗ. ಮುಟ್ಟಿದೆವು ಎಂದೆ. ಆಮೇಲೆ ನಿಂತುಕೊಂಡೇ ಎಲ್ಲ ಹೇಳಿದರು.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತ ಗಾದೆಯೇ ಇದೆ. ಅಪ್ಪ ತೀರಿಕೊಂಡ ಮೇಲೆ ಇಬ್ಬರೂ ಭಾಗ ಆದರು. ಹಿರಿಯರು ಕೂತು ಹಂಡೆ, ಕೊಪ್ಪರಿಗೆ, ಒರಳು ಎಲ್ಲ ಹಂಚಿದರು. ಏಣಿ ಅಣ್ಣನಿಗೆ ಬಂತು, ಆ ಏಣಿ ಹತ್ತಿ ಹೋಗಬೇಕಾದ ಅಟ್ಟ ತಮ್ಮನಿಗೆ ಹೋಯಿತು. ಹಜಾರದ ನಡುವೆ ದಾರ ಹಿಡಿದು ಗೋಡೆ ಎಬ್ಬಿಸಿದರು. ಕಿಟಕಿ ನಮ್ಮ ಕಡೆ ಬಂತು, ತಮ್ಮನ ಕಡೆಗೆ ಕಿಟಕಿಯೇ ಇಲ್ಲದ ಕೋಣೆ ಉಳಿಯಿತು. ಇಷ್ಟೆಲ್ಲ ಹಂಚಿದ ಬುದ್ಧಿವಂತರಿಗೆ ಗೋಡೆಯೊಳಗಿನ ವೈರು ನೆನಪಾಗಲಿಲ್ಲ. ಗಾರೆ ಒಣಗಿದ ಮೇಲೆ ಸಂಜೆ ದೀಪ ಹಚ್ಚಲು ಹೋದಾಗಲೇ ಗೊತ್ತಾದದ್ದು, ತಮ್ಮನ ಕೋಣೆಯ ದೀಪದ ಗುಂಡಿ ಅಣ್ಣನ ಕಡೆ ಉಳಿದಿದೆ, ಅಣ್ಣನ ತಲೆಬಾಗಿಲ ದೀಪದ ಸ್ವಿಚ್ಚು ತಮ್ಮನ ಕಡೆ ಉಳಿದಿದೆ ಎಂದು. ಅಷ್ಟು ಹೊತ್ತಿಗೆ ಇಬ್ಬರೂ ಮಾತು ಬಿಟ್ಟಾಗಿತ್ತು.

ಆ ಗುಂಡಿ ಅವರಪ್ಪ ಹಾಕಿಸಿದ್ದು. ಚಿಕ್ಕ ಮಗನಿಗೆ ಕತ್ತಲೆಂದರೆ ಭಯ, ಬೆಳಕಿದ್ದರೆ ನಿದ್ದೆ ಬರುವುದಿಲ್ಲ. ಎರಡಕ್ಕೂ ಆಗಲಿ ಎಂದು, ಬೆಳಕನ್ನು ಇಳಿಸಿ ಏರಿಸುವ ಈ ಡಿಮ್ಮರನ್ನು ಬೆಂಗಳೂರಿನಿಂದ ತರಿಸಿದ್ದರಂತೆ. ತಿರುಗಿಸುವ ಕೆಲಸ ದೊಡ್ಡ ಮಗನದು. ಆ ಚಿಕ್ಕ ಮಗ ಈಗ ರಿಟೈರಾದ ಬಸ್ ಕಂಡಕ್ಟರು, ಮದುವೆಯಾಗದವರು, ತಲೆ ಪೂರಾ ಬೆಳ್ಳಗಾದವರು. ಆದರೂ ಅಣ್ಣ ಬಂದು ತಿರುಗಿಸಬೇಕು.

"ಬೇರೆ ಸ್ವಿಚ್ಚು ಹಾಕಿಸಿಕೊಳ್ಳೋಕೆ ಏನು ಕಷ್ಟ ಅವರಿಗೆ?" ಎಂದು ಕೇಳಿದೆ. ಕೇಳಬಾರದಿತ್ತು.

"ಅವನ ಜುಟ್ಟು ನನ್ನ ಕೈಲೈತೆ ಟೀಚರಮ್ಮ. ಬುಡ್ತೀನಾ?" ಅಂದರು. ಹಾಗಂದವರು ಗುಂಡಿಯನ್ನು ಹಿಡಿದು, ಹೆಸರುಬೇಳೆ ಹುರಿಯುವಾಗ ಉರಿ ಇಡುತ್ತೇವಲ್ಲ ಅಷ್ಟು ಹುಷಾರಾಗಿ, ನಿಧಾನವಾಗಿ ತಿರುಗಿಸಿದರು. ಆಮೇಲೆ ಗೋಡೆಗೆ ಕಿವಿ ಇಟ್ಟು ನಿಂತರು. ಆಚೆಯಿಂದ ಒಂದು ಕೆಮ್ಮು ಕೇಳಿಸಿತು.

"ಹ್ಞೂಂ," ಅಂದರು ಯಜಮಾನರು. "ಅವ್ನೆ." ಚಪ್ಪಲಿ ಮೆಟ್ಟಿಕೊಂಡು ಹೋದರು.

ಅಂದಿನಿಂದ ದಿನಾ ಇದೇ ಪಾಡು. ದೀಪ ಹಚ್ಚುವ ಹೊತ್ತಿಗೆ ಟಿವಿಎಸ್ ಬಂದು ನಿಲ್ಲುತ್ತಿತ್ತು. ನಾನು ತಲೆಗೆ ಎಣ್ಣೆ ಹಚ್ಚಿಕೊಂಡಿದ್ದರೂ ಸರಿ, ನೆಂಟರು ಊಟಕ್ಕೆ ಕೂತಿದ್ದರೂ ಸರಿ, ಒಂದು ಸಲ ಕೆಮ್ಮಿ ಒಳಗೆ. ಗುಂಡಿಯ ಮುಂದೆ ಸೋಫಾ ಹಾಕಿದ್ದೆ, ತೆಗೆಸಿದರು. ಬೀರು ಇಟ್ಟೆ, ಅದನ್ನೂ ಸರಿಸಿದರು. ಕಾಫಿ ಬೇಡ ಅನ್ನುತ್ತಿದ್ದರು, ಕೊಟ್ಟರೆ ಕುಡಿಯುತ್ತಿದ್ದರು, ಕುಡಿದು ಡಿಕಾಕ್ಷನ್ ತೆಳುವಾಯಿತು ಅನ್ನುತ್ತಿದ್ದರು. ಸಂಜೆ ಕರೆಂಟು ಹೋಯಿತೋ ನನ್ನ ಕತೆ ಮುಗಿಯಿತು. ಬರುವ ತನಕ ನಮ್ಮ ಕುರ್ಚಿಯಲ್ಲೇ ಕೂತು, ನಮ್ಮ ಮೇಣದಬತ್ತಿಯ ಬೆಳಕಿನಲ್ಲಿ ನನ್ನ ಕ್ಲಾಸಿನ ಮಕ್ಕಳು ಬರೆದ ಉತ್ತರ ಪತ್ರಿಕೆ ಓದಿ, "ಇದ್ಕೂ ಮಾರ್ಕ್ಸ್ ಕೊಟ್ಟಿದ್ದೀರಾ?" ಎಂದು ಕೇಳುತ್ತಿದ್ದರು. ರಾತ್ರಿ ಊಟದ ಹೊತ್ತಿಗೆ ಫೋನು. "ಇಳ್ಸಿ. ಇನ್ನೊಸಿ ಇಳ್ಸಿ. ಆಯ್ತು, ಅಷ್ಟೇ ಇರ್ಲಿ." ಅಲ್ಲಿ ಎಷ್ಟು ಇಳಿದಿದೆ ಎಂದು ಇಲ್ಲಿ ನನಗೂ ಕಾಣದು, ಬಡಾವಣೆಯಲ್ಲಿ ಕೂತ ಅವರಿಗೂ ಕಾಣದು. ಆದರೂ 'ಅಷ್ಟೇ ಇರ್ಲಿ'.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಇಲ್ಲಿ ಅಣ್ಣತಮ್ಮಂದಿರ ನಡುವೆ ಸಿಕ್ಕ ಕೂಸು ನಾನು. ಅಣ್ಣ ಅಂಗಡಿಯ ಕೆಲಸದಲ್ಲಿ ಬರುವುದು ತಡ ಮಾಡಿದರೆ, ತಮ್ಮ ನಮ್ಮ ಬಾಗಿಲ ದೀಪ ಹಾಕುತ್ತಿರಲಿಲ್ಲ. ಸ್ಕೂಲಿನಿಂದ ಮೀಟಿಂಗ್ ಮುಗಿಸಿ ಬಂದ ನಾನು ಕತ್ತಲಲ್ಲಿ ಬೀಗದ ತೂತು ತಡಕಬೇಕು. ಒಂದು ದಿನ ಮೆಟ್ಟಿಲು ಎಡವಿ ಮೊಣಕಾಲು ಒಡೆದುಕೊಂಡೆ. ಕುಂಟುತ್ತಾ ಹೋಗಿ ಕಂಡಕ್ಟರ ಬಾಗಿಲು ಬಡಿದೆ. ಅವರ ಬಾಗಿಲು ನಮ್ಮದರ ಪಕ್ಕದಲ್ಲೇ, ಒಂದೇ ಜಗಲಿ. ಮುಖ ಅದೇ, ದನಿ ಅದೇ, ವಿಭೂತಿ ಮಾತ್ರ ಇಲ್ಲ. ಪಾವಗಡದ ರೂಟಿನಲ್ಲಿ ವರ್ಷಾನುಗಟ್ಟಲೆ ಓಡಾಡಿ ಅವರ ಮಾತಿಗೆ ತೆಲುಗು ಅಂಟಿಕೊಂಡಿತ್ತು.

"ಅಯ್ಯಯ್ಯೋ, ಪಡಿಪೋಯಾರಾ? ನಿಮ್ಗಲ್ಲ ಕಣಮ್ಮ, ಅವ್ನಿಗೆ ಬುದ್ಧಿ ಬರ್ಲಿ ಅಂತ ಆರ್ಸಿದ್ದು," ಅಂದರು.

"ಅವರು ಇಲ್ಲಿ ವಾಸವಿಲ್ಲ. ಬಿದ್ದದ್ದು ನಾನು."

"ನಿಜಮೇ," ಎಂದು ಒಪ್ಪಿಕೊಂಡರು. ಒಪ್ಪಿಕೊಂಡು ಮುಗಿಯಿತು, ಬೇರೇನೂ ಬದಲಾಗಲಿಲ್ಲ.

ಅವರನ್ನೂ ಕೇಳಿದೆ, ನಿಮ್ಮ ಕೋಣೆಗೊಂದು ಸ್ವಿಚ್ಚು ಹಾಕಿಸಿಕೊಳ್ಳಿ, ನಾನೇ ಆಳು ಕಳಿಸುತ್ತೇನೆ ಎಂದು. "ಯಾಕ್ ಹಾಕ್ಸಲಿ? ದಿನಾ ಬರ್ಲಿ. ಬಂದು ತಿರುಗಿಸ್ಲಿ. ಗೋಡೆ ಕಟ್ಸಿದೋನು ಅವ್ನು, ಮಾಡಿದ್ದುಣ್ಣೋ ಮಾರಾಯ," ಅಂದರು. ಅಣ್ಣ ತಮ್ಮನ ಜುಟ್ಟು ಹಿಡಿದಿದ್ದೇನೆ ಎಂದುಕೊಂಡಿದ್ದರು, ತಮ್ಮ ಅಣ್ಣನಿಗೆ ಶಿಕ್ಷೆ ಕೊಡುತ್ತಿದ್ದೇನೆ ಎಂದುಕೊಂಡಿದ್ದರು. ಜುಟ್ಟೂ ನನ್ನದೇ, ಶಿಕ್ಷೆಯೂ ನನಗೇ.

ಯಜಮಾನರನ್ನು ಅಂಗಡಿಯಲ್ಲಿ ನೋಡಬೇಕಿತ್ತು. ಕೊರಟಗೆರೆ ಕಡೆಯ ಹಳ್ಳಿಯವನೊಬ್ಬ ಬಂದು, ಹೊಸದಾಗಿ ಕೊಂಡ ಮನೆಯಲ್ಲಿ ಒಂದು ಸ್ವಿಚ್ಚು ಯಾವುದರದ್ದೆಂದೇ ಗೊತ್ತಾಗುತ್ತಿಲ್ಲ, ಅದರಂಥದೇ ಇನ್ನೊಂದು ಕೊಡಿ ಎಂದಿದ್ದ. ನಾನು ಅಲ್ಲೇ ಮೊಳೆ ಕೊಳ್ಳುತ್ತಿದ್ದೆ.

"ಮನೆ ನಿಂದು, ಸ್ವಿಚ್ಚು ಏನಕ್ಕೂಂತ ನನ್ನ ಕೇಳ್ತೀಯಲ್ಲಲಾ!" ಎಂದು ಹರಿಹಾಯ್ದರು. "ಹೋಗಿ ಒಂದೊಂದೇ ಹಾಕಿ ನೋಡು. ಮನೇಲಿ ಹತ್ನಿಲ್ಲ ಅಂದ್ರೆ ಪಕ್ಕದ್ ಮನೇಲಿ ಕೇಳು. ಗೊತ್ತಿಲ್ದಿದ್ದನ್ನ ಕೀಳಬ್ಯಾಡ. ಕಿತ್ರೆ ಯಾರದ್ದು ಆರ್ತದೋ ಏನೋ."

ಅವನು ಪೆಚ್ಚಾಗಿ ಹೋದ. ನಾನು ಮೊಳೆಯ ಪೊಟ್ಟಣ ಹಿಡಿದು, ಈ ಮಾತನ್ನು ಸ್ವಲ್ಪ ಮೆತ್ತಗೆ ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದುಕೊಂಡೆ.

ಬಲ್ಬಿನ ರಾಮಾಯಣ ಬೇರೆ. ಆ ಗುಂಡಿಗೆ ಈಗಿನ ಎಲ್‌ಇಡಿ ಬಲ್ಬು ಒಗ್ಗುವುದಿಲ್ಲ, ಮಿಣಮಿಣ ಎನ್ನುತ್ತದೆ. ಹಳೇ ತಂತಿ ಬಲ್ಬೇ ಬೇಕು, ಅದು ಈಗ ಸಿಗುವುದು ಕಷ್ಟ. ಯಜಮಾನರು ಸಿರಾದ ಹಳೇ ಅಂಗಡಿಗಳಲ್ಲೆಲ್ಲ ಹುಡುಕಿಸಿ ತರಿಸಿ, ಅಂಗಡಿಯಲ್ಲಿ ಯಾರಿಗೂ ಮಾರದೆ ಇಟ್ಟುಕೊಂಡಿದ್ದರು. ಆಚೆ ಬಲ್ಬು ಹೋದರೆ ಕಂಡಕ್ಟರು ನಮ್ಮ ಜಗಲಿಗೆ ಬಂದು ನನಗೆ ಕೇಳುವ ಹಾಗೆ ಆಕಾಶಕ್ಕೆ ಹೇಳುತ್ತಿದ್ದರು. ನಾನು ಫೋನು ಮಾಡಬೇಕು. ಇವರು ಬಲ್ಬನ್ನು ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ತಂದು ನನ್ನ ಕೈಗೆ ಕೊಡಬೇಕು. ನಾನು ಹತ್ತು ಹೆಜ್ಜೆ ಆಚೆಗೆ ಹೋಗಿ ಅವರ ಕೈಗೆ ಕೊಡಬೇಕು. "ಯಾರು ಕೊಟ್ಟಿದ್ದೂಂತ ಹೇಳ್ಬ್ಯಾಡಿ" ಎಂದು ಇವರು. "ಯಾರು ಕೊಟ್ರೂಂತ ನಾನು ಕೇಳಾಕಿಲ್ಲ" ಎಂದು ಅವರು. ಆ ಪಂಚೆಯ ತುಂಡನ್ನು ಮಾತ್ರ ಒಗೆದು ಮಡಚಿ ವಾಪಸು ಕೊಡುತ್ತಿದ್ದರು.

ಒಂದು ಸಲ ಯಜಮಾನರು ಪಾವಗಡಕ್ಕೆ ಮದುವೆಗೆ ಹೋಗಿ ಸಂಜೆ ಬರುವುದಾಗಲಿಲ್ಲ. ಫೋನು ಮಾಡಿ, "ನೀವೇ ತಿರುಗ್ಸಿ" ಅಂದರು. ತಿರುಗಿಸಿದೆ.

"ಕೆಮ್ಮಿದ್ನಾ?"

"ಇಲ್ಲ."

"ಕಿವಿ ಇಟ್ಟು ಕೇಳಿ."

ಇಟ್ಟೆ. ಡಿಗ್ರಿ ಓದಿ, ಬಿ.ಎಡ್. ಮಾಡಿ, ಗೋಡೆಗೆ ಕಿವಿ ಇಟ್ಟು ನಿಂತೆ. ಕೆಮ್ಮಿಲ್ಲ. ಆಚೆ ಕುರ್ಚಿ ಎಳೆದ ಸದ್ದು ಕೇಳಿಸಿತು, ಮನುಷ್ಯ ಗಟ್ಟಿಯಾಗೇ ಇದ್ದರು. ಯಜಮಾನರು ಮತ್ತೆ ಫೋನು ಮಾಡಿದರು, ಮತ್ತೆ ಮಾಡಿದರು. ಕೊನೆಗೆ ಮದುವೆಯ ಊಟ ಬಿಟ್ಟು ಯಾವುದೋ ಲಾರಿ ಹತ್ತಿ ಬಂದರು. ಪಂಚೆಯೆಲ್ಲ ಧೂಳು, ಮುಖದಲ್ಲಿ ಬಣ್ಣವಿಲ್ಲ. ನಾನು ಹಾಕಿದ್ದನ್ನು ಆರಿಸಿದರು, ಮತ್ತೆ ತಮ್ಮ ಕೈಯಿಂದ ನಿಧಾನ ತಿರುಗಿಸಿದರು. ತಿರುಗಿಸಿದ್ದೇ ತಡ, ಆಚೆಯಿಂದ ಕೆಮ್ಮು.

"ಹ್ಞೂಂ. ಅವ್ನೆ," ಅಂದರು. "ನೋಡಿದ್ರಾ, ಎಂಥ ಮೊಂಡ ನನ್ಮಗ ಅಂತ!"

ಯಾರು ಮೊಂಡ ಎಂದು ಕೇಳುವ ಮನಸ್ಸಾಯಿತು. ಅವತ್ತು ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಅವರಿಗೆ ಊಟಕ್ಕೆ ಇಕ್ಕಿ, ಬಡಿಸುತ್ತಲೇ ಬೈದೆ. ಹತ್ತು ಹೆಜ್ಜೆ ಆಚೆ ಇರುವ ಬಾಗಿಲು ತಟ್ಟೋಕೆ ನಿಮಗೆ ಏನು ಬಂದಿದೆ ರೋಗ, ಎಂದೆ. ಅವರು ಅನ್ನ ಕಲೆಸುತ್ತ ಕೂತಿದ್ದರು. "ತಟ್ಟಿದ್ರೆ ತೆಗೀಬೇಕಲ್ಲಮ್ಮ ಅವ್ನು. ತೆಗೀನಿಲ್ಲ ಅಂದ್ರೆ?" ಅಂದರು. ಅಷ್ಟೇ. ಮಜ್ಜಿಗೆ ಕೇಳಿದರು.

ಆಮೇಲೆ ಒಂದು ಬೇಸಿಗೆಯಲ್ಲಿ ಯಜಮಾನರಿಗೆ ಹೃದಯದ ತೊಂದರೆಯಾಗಿ ತುಮಕೂರಿಗೆ ಕರೆದುಕೊಂಡು ಹೋದರು. ಆಸ್ಪತ್ರೆಯ ಮಂಚದಿಂದ ಫೋನು ನಿಲ್ಲಲಿಲ್ಲ. ದನಿ ಇಳಿದಿತ್ತು, ಮಾತು ಅದೇ. "ಹಾಕಿದ್ರಾ? ಕೆಮ್ಮಿದ್ನಾ?" ಮೊದಲ ದಿನ ಇಲ್ಲ ಎಂದೆ. ಮಾರನೆಯ ದಿನ, ಬೇರೆ ಏನು ಹೇಳಲಿ, ಹ್ಞೂಂ ಕೆಮ್ಮಿದರು ಎಂದೆ. "ಸುಳ್ಳು ಹೇಳ್ಬ್ಯಾಡಿ ಟೀಚರಮ್ಮ. ನಿಮ್ ಕೈಗೆ ಅವ್ನು ಕೆಮ್ಮಲ್ಲ," ಅಂದರು. ಸುಳ್ಳು ಹೇಳಿ ಸಮಾಧಾನ ಮಾಡಲಿಕ್ಕೂ ಬಿಡದ ಮನುಷ್ಯ.

ನಾನು ಹೋಗಿ ಕಂಡಕ್ಟರ ಮುಂದೆ ನಿಂತೆ. "ನಿಮ್ಮಣ್ಣ ಆಸ್ಪತ್ರೆಯಲ್ಲಿದ್ದಾರೆ. ಒಂದು ಸಲ ಕೆಮ್ಮಿದರೆ ನಿಮ್ಮ ಗಂಟಲೇನು ಹರಿದುಹೋಗುತ್ತಾ? ಫೋನು ಹಿಡಿಯುತ್ತೇನೆ, ಕೆಮ್ಮಿ," ಎಂದೆ.

"ಬಂದು ತಿರುಗ್ಸಿದ್ರೆ ಕೆಮ್ತೀನಿ," ಅಂದರು. "ಅಲ್ಲಿ ಮಲ್ಕೊಂಡೇ ಕೆಮ್ಮು ಕೇಳಿಸ್ಕೊಂಬುಟ್ರೆ ಆಮೇಲೆ ಯಾಕ್ ಬರ್ತಾನೆ? ಬರ್ಲಿ. ಎದ್ದು ಬರ್ಲಿ." ನನಗೆ ಅಳುವೂ ಬಂತು, ಇಬ್ಬರ ತಲೆಯನ್ನೂ ಹಿಡಿದು ಅದೇ ಗೋಡೆಗೆ ಕುಟ್ಟಬೇಕು ಅಂತಲೂ ಅನ್ನಿಸಿತು.

ಅದೇ ವಾರ ಯಜಮಾನರ ಮಗ ಎಲೆಕ್ಟ್ರಿಷಿಯನ್ನನ್ನು ಕರೆದುಕೊಂಡು ಬಂದ. ಒಳ್ಳೆಯ ಹುಡುಗ, ಈಗ ಅಂಗಡಿ ನೋಡಿಕೊಳ್ಳುವವನು. "ಅಪ್ಪ ಬರೋದ್ರೊಳ್ಗೆ ಇದನ್ನ ಕಿತ್ತಾಕ್ಸಿ, ಚಿಕ್ಕಪ್ಪಂಗೆ ಆ ಕಡೆನೇ ಒಂದು ಲೈನು ಎಳೆಸ್ಬುಡ್ತೀನಿ ಮೇಡಂ. ನಿಮ್ಗೂ ನೆಮ್ಮದಿ," ಅಂದ. ಎಷ್ಟು ವರ್ಷದಿಂದ ನಾನು ಕೇಳುತ್ತಿದ್ದದ್ದು ಇದನ್ನೇ. ನಾನು ಬಾಗಿಲಿಗೆ ಅಡ್ಡ ನಿಂತು, ಈಗ ಬೇಡ, ಪರೀಕ್ಷೆ ಪೇಪರು ಹರಡಿಕೊಂಡಿದ್ದೇನೆ, ಧೂಳಾಗುತ್ತದೆ, ಆಮೇಲೆ ಬನ್ನಿ ಎಂದು ಕಳಿಸಿದೆ. ಪರೀಕ್ಷೆ ಮುಗಿದು ಎಷ್ಟೋ ದಿನವಾಗಿತ್ತು.

ಯಜಮಾನರು ಎದ್ದು ಬರಲಿಲ್ಲ. ತುಮಕೂರಿನಿಂದ ಅವರನ್ನು ಕರೆತಂದದ್ದು ಮಣ್ಣಿಗೆ. ಹೊಸ ಮನೆಯ ಮುಂದೆ, ವಿಭೂತಿ ಬಳಿದು, ಹೂವಿನ ಹಾರ ಹಾಕಿ ಕೂರಿಸಿದ್ದರು. ಆಗಲೂ ಮುಖದಲ್ಲಿ ಕಾಫಿ ತೆಳುವಾಯಿತು ಎನ್ನುವ ಭಾವವೇ ಇತ್ತು. ಕಂಡಕ್ಟರು ಮನೆಯ ಹತ್ತಿರ ಬರಲಿಲ್ಲ. ಮಣ್ಣಿಗೆ ಮಾತ್ರ ಬಂದರು, ಎಲ್ಲರೂ ಹಾಕಿದ ಮೇಲೆ ಒಂದು ಹಿಡಿ ಮಣ್ಣು ಹಾಕಿ, ಯಾರ ಮುಖವನ್ನೂ ನೋಡದೆ ಹೊರಟುಹೋದರು ಎಂದು ಜೊತೆಗೆ ಹೋಗಿದ್ದ ನನ್ನ ಗಂಡ ಹೇಳಿದರು.

ಅವತ್ತು ಸಂಜೆ ಸ್ನಾನ ಮಾಡಿ ಬಂದು, ದೇವರಿಗೆ ದೀಪ ಹಚ್ಚಿ, ಹಜಾರದಲ್ಲಿ ಗುಂಡಿಯ ಮುಂದೆ ನಿಂತೆ. ಹಾಕಲೋ ಬೇಡವೋ ಎನ್ನುವುದೇ ತಿಳಿಯಲಿಲ್ಲ. ಹಾಕಿದರೆ ಅವರಿಲ್ಲ ಎನ್ನುವುದು ಗೋಡೆಯಾಚೆಗೂ ಗೊತ್ತಾಗುತ್ತದೆ, ಹಾಕದಿದ್ದರೂ ಗೊತ್ತಾಗುತ್ತದೆ. ಆಗ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ತಿರುಗಿ ನೋಡಿದೆ.

ಕಂಡಕ್ಟರು. ಗೋಡೆ ಎದ್ದ ಮೇಲೆ ಈ ಹಜಾರಕ್ಕೆ ಕಾಲಿಟ್ಟವರಲ್ಲ. ತಲೆ ಇನ್ನೂ ಒದ್ದೆ, ಹಣೆಯಲ್ಲಿ ಮೂರು ಪಟ್ಟೆ ವಿಭೂತಿ. ಹಾಗೆ ನೋಡಿದರೆ ಅಣ್ಣನೇ. ಕಿಟಕಿ ನೋಡಿದರು, ಸೂರು ನೋಡಿದರು, ಆಮೇಲೆ ಗುಂಡಿಯ ಹತ್ತಿರ ಬಂದು ನಿಂತರು. ಕೈ ಎತ್ತಿದರು, ಇಳಿಸಿದರು.

"ಯಾವ್ ಕಡೀಕೆ ತಿರುಗ್ಸೋದು ಟೀಚರಮ್ಮ ಇದ್ನ?" ಎಂದು ಕೇಳಿದರು.

ಹುಟ್ಟಿದಾಗಿನಿಂದ ಆ ಬೆಳಕಿನಲ್ಲಿ ಮಲಗಿದ ಮನುಷ್ಯ. ಒಂದು ದಿನವೂ ಅದನ್ನು ಮುಟ್ಟಿದವರಲ್ಲ. ಬಲಗಡೆಗೆ, ನಿಧಾನವಾಗಿ, ಎಂದು ತೋರಿಸಿದೆ. ತಿರುಗಿಸಿದರು. ಟಕ್ ಎಂದಿತು. ಅವರು ಗೋಡೆಯನ್ನೇ ನೋಡುತ್ತ ನಿಂತರು.

"ಹತ್ತಿತಾ?"

"ಹತ್ತಿರಬೇಕು."

"ಹತ್ತೈತೋ ಇಲ್ವೋ ಯಾರ್ ನೋಡೋರು ಅಲ್ಲಿ? ನಾನು ಇಲ್ಲಿವ್ನಿ." ಗುಂಡಿಯಿಂದ ಕೈ ತೆಗೆಯಲಿಲ್ಲ. "ಒಸಿ ಹೋಗಿ ನೋಡ್ತೀರಾ ತಾಯಿ?"

ಜಗಲಿ ದಾಟಿ ಅವರ ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಅಷ್ಟು ವರ್ಷ ಆ ದೀಪ ಹಾಕಿಯೂ ಆರಿಸಿಯೂ ನಾನು ಅದನ್ನು ಕಂಡವಳಲ್ಲ. ಕಿಟಕಿಯಿಲ್ಲದ ಕೋಣೆ, ಒಂದು ಮಂಚ, ಮೇಲೆ ತಂತಿ ಬಲ್ಬಿನ ಹಳದಿ ಬೆಳಕು. ಗೋಡೆಗೆ ಆನಿಸಿ ಒಂದು ಕುರ್ಚಿ ಇತ್ತು, ಕೂತವರ ಬೆನ್ನು ತಾಗಿ ತಾಗಿ ಅಲ್ಲಿ ಸುಣ್ಣ ನುಣ್ಣಗಾಗಿತ್ತು. ಹತ್ತಿದೆ ಎಂದು ಕೂಗಿ ಹೇಳೋಣವೆಂದುಕೊಂಡೆ. ಆದರೆ ಗೋಡೆಯ ಕಡೆ ತಿರುಗಿ ಒಂದು ಸಲ ಕೆಮ್ಮಿದೆ.

ಆಚೆಯಿಂದ ಏನೂ ಕೇಳಿಸಲಿಲ್ಲ. ಇವರಿಬ್ಬರ ಸಹವಾಸವೇ ಇಷ್ಟು ಎಂದುಕೊಂಡು ಇನ್ನೊಮ್ಮೆ ಜೋರಾಗಿ ಕೆಮ್ಮಿದೆ.

"ಹ್ಞೂಂ," ಅಂದರು. ಅದೇ ದನಿ. ನಾನು ಕಾದೆ. ಅದರ ಹಿಂದೆಯೇ ದಿನಾ ಬರುತ್ತಿದ್ದ ಆ 'ಅವ್ನೆ' ಬರಲಿಲ್ಲ.